ಲೀಸ್ ಮುಗಿದ ಕಾರು ವಾಪಸ್ ಕೊಡುವ ಮುಂಚೆ: ಪುಣೆಯ ವಾಕಡ್‌ನ ಅಕ್ಕನಿಗೆ ಉತ್ತರ

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು, ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು: 2022ರ ಕೊನೆಯಲ್ಲಿ ನಾಲ್ಕು ವರ್ಷಕ್ಕೆ ಅಂತ ತಗೊಂಡ 1.2 ಲೀಟರ್ ಪೆಟ್ರೋಲ್ ಕಾರು, ಒಪ್ಪಂದ ಮುಗಿಯಲು ಎರಡು ತಿಂಗಳಿದೆ, ವಾಪಸ್ ಕೊಡುವುದಾ ಅಥವಾ ಉಳಿದ ದುಡ್ಡು ಕಟ್ಟಿ ಹುಬ್ಬಳ್ಳಿಗೆ ಅಪ್ಪಾಜಿಗೆ ಕಳಿಸುವುದಾ, ಮತ್ತೆ ಬಂಪರ್ ಮೇಲಿನ ಗೀರಿಗೆ ಎಷ್ಟು ಹಿಡಿಯುತ್ತಾರೆ. ಇಬ್ಬರು ಆಗಲೇ "ಸುಮ್ನೆ ಕೀ ಕೊಟ್ಟು ಬನ್ನಿ, ಏನೂ ಆಗಲ್ಲ" ಅಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಹಾಗೆ ಮಾಡಿ ದುಡ್ಡು ಕಳೆದುಕೊಂಡಿದ್ದೇನೆ.

ಮೊದಲು ಆರ್‌ಸಿ ತೆಗೆದು ನೋಡಿ. ಓನರ್ ಜಾಗದಲ್ಲಿ ಲೀಸಿಂಗ್ ಕಂಪನಿ ಹೆಸರಿದ್ದರೆ ಅದು ನಿಜವಾದ ಲೀಸ್, ಕಾರು ಅವರದ್ದು, ನೀವು ಬಾಡಿಗೆ ಕಟ್ಟಿದವರು. ನಿಮ್ಮ ಹೆಸರಿದ್ದು ಕೆಳಗೆ ಹೈಪೋಥಿಕೇಶನ್ ಅಂತ ಬ್ಯಾಂಕಿನ ಹೆಸರಿದ್ದರೆ ಅದು ಸಾಲ. ಸಾಮಾನ್ಯ ಸಾಲದಲ್ಲಿ ವಾಪಸ್ ಕೊಡುವ ಮಾತೇ ಇಲ್ಲ, ಕೊನೆಯ ಕಂತು ಕಟ್ಟಿ, ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಸಹಿ ಆದ ಫಾರ್ಮ್ 35 ತಗೊಂಡು ಆರ್‌ಟಿಒದಲ್ಲಿ ಬ್ಯಾಂಕಿನ ಹೆಸರು ತೆಗೆಸಿದರೆ ಮುಗಿಯಿತು. ಇವೆರಡರ ನಡುವೆ ಇನ್ನೊಂದಿದೆ, ತಿಂಗಳ ಕಂತು ಕಡಿಮೆ ಇಟ್ಟು ಕೊನೆಗೆ ಒಂದು ದೊಡ್ಡ ಗಂಟು ಉಳಿಸುವುದು, ಅದನ್ನು ಕಟ್ಟದಿದ್ದರೆ ಕಾರು ಅವರೇ ವಾಪಸ್ ತಗೊಳ್ಳುತ್ತಾರೆ. ದುಬಾರಿ ಜರ್ಮನ್ ಕಾರುಗಳಲ್ಲಿ ಇದು ಜಾಸ್ತಿ. ಅದರಲ್ಲಿ ಆರ್‌ಸಿ ನಿಮ್ಮ ಹೆಸರಲ್ಲೇ ಇರುತ್ತದೆ, ಹಾಗಾಗಿ ಓನರ್ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟು ಮರೆತರೆ ಕಷ್ಟ. ಕಾರು ಕೈಬಿಟ್ಟಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೀವು ಬರೆದದ್ದು ನೋಡಿದರೆ ನಿಮ್ಮದು ಮೊದಲನೇ ಥರ, ಲೀಸ್. ಹಾಗೆ ಅಂದುಕೊಂಡೇ ಮುಂದೆ ಬರೆಯುತ್ತೇನೆ.

ಇಟ್ಟುಕೊಳ್ಳುವುದಾ ಕೊಡುವುದಾ ಅನ್ನುವುದಕ್ಕೆ ಒಂದು ಲೆಕ್ಕ ಮಾಡಿ. ಕೊನೆಯಲ್ಲಿ ಇಷ್ಟು ಕಟ್ಟಿದರೆ ಕಾರು ನಿಮ್ಮದು ಅಂತ ಅವರು ಹೇಳುವ ಬೆಲೆ 2022ರ ಹೊಸ ಕಾರಿನ ಬೆಲೆ ನೋಡಿ ಬರೆದದ್ದು. ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಸೆಸ್ ಸೇರಿ ಇದ್ದ 29%ನಿಂದ 18%ಗೆ ಇಳಿಯಿತು, ಅಂದರೆ 1200 ಸಿಸಿ ಒಳಗೆ, ನಾಲ್ಕು ಮೀಟರ್ ಉದ್ದದ ಒಳಗೆ ಇರುವವು. ಶೋರೂಮ್ ಬೆಲೆಯಲ್ಲಿ ಹೆಚ್ಚು ಕಡಿಮೆ 8.5% ಇಳಿದ ಹಾಗೆ. 8 ಲಕ್ಷದ ಕಾರು 7.32 ಲಕ್ಷ ಆಯಿತು. ಹೊಸದೇ ಅಷ್ಟು ಇಳಿದ ಮೇಲೆ ಹಳೇದು ಮೊದಲಿನ ರೇಟಿನಲ್ಲೇ ನಿಲ್ಲುತ್ತದಾ? ಅದೇ ಮಾಡೆಲ್, ಅದೇ ವರ್ಷ, ಅಷ್ಟೇ ಓಡಿದ ಕಾರಿಗೆ ಹಳೇ ಕಾರು ಮಾರುವ ಮೂರು ಕಡೆ ರೇಟ್ ಕೇಳಿ. ಲೀಸಿಂಗ್ ಕಂಪನಿ ಹೇಳಿದ ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ಬೆಲೆ ಇಳಿಸಿ ಅಂತ ಮೇಲ್ ಹಾಕಿ, ಇಳಿಸದಿದ್ದರೆ ಕಾರು ಕೊಟ್ಟುಬಿಡಿ. ಕಾರು ಅಭ್ಯಾಸ ಆಗಿದೆ ಅಂತ ಜಾಸ್ತಿ ಕಟ್ಟಬೇಡಿ.

ಹುಬ್ಬಳ್ಳಿಗೆ ಕಳಿಸುವ ಯೋಚನೆ ಇದ್ದರೆ ಇನ್ನೊಂದು ಖರ್ಚು ಸೇರಿಸಿ. ಮೊದಲು ಕಂಪನಿಯಿಂದ ನಿಮ್ಮ ಹೆಸರಿಗೆ ವರ್ಗ ಆಗಬೇಕು. ಎಂಎಚ್ 14 ಅಂದರೆ ಮಹಾರಾಷ್ಟ್ರ ನಂಬರಿನ ಕಾರು ಕರ್ನಾಟಕದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಕೆಎ ನಂಬರ್ ಮಾಡಿಸಲೇಬೇಕು. ಅದಕ್ಕೆ ಇಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ, ಅಲ್ಲಿ ಕಾರಿನ ವಯಸ್ಸು ನೋಡಿ ಹಾಕುವ ಲೈಫ್ ಟ್ಯಾಕ್ಸ್. ಇಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಕೇಳಬಹುದು, ಆದರೆ ಅದು ಆಮೇಲೆ ಬರುವ ದುಡ್ಡು. ಇಷ್ಟೆಲ್ಲ ಕೂಡಿಸಿದರೆ ಅಪ್ಪಾಜಿಗೆ ಹುಬ್ಬಳ್ಳಿಯಲ್ಲೇ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಕಾರು ನೋಡುವುದು ಅಗ್ಗ ಅಂತ ನನಗೆ ಅನ್ನಿಸುತ್ತದೆ.

ಈಗ ವಾಪಸ್ ಕೊಡುವ ವಿಷಯ. ನನ್ನ ಕಥೆ ಹೇಳುತ್ತೇನೆ. ಜುಲೈ ತಿಂಗಳು, ಆಫೀಸ್ ಮುಗಿಸಿ ಚಿಂಚವಡದ ಯಾರ್ಡಿಗೆ ಹೋದಾಗ ಸಂಜೆ ಏಳು ಗಂಟೆ, ಮಳೆ ಬಿಡುತ್ತಿರಲಿಲ್ಲ. ಒದ್ದೆ ಕಾರಿನ ಮೇಲೆ ಗೀರು ಕಾಣುವುದಿಲ್ಲ, ಎಲ್ಲಾ ಕಾರೂ ಹೊಸದರ ಹಾಗೆ ಹೊಳೆಯುತ್ತದೆ. ಅಲ್ಲಿದ್ದ ಹುಡುಗ ಕೊಡೆ ಹಿಡಿದು ಒಂದು ಸುತ್ತು ಹಾಕಿದ, "ಠೀಕ್ ಆಹೇ ಸಾಹೇಬ್" ಅಂದ, ಒಂದು ಫಾರ್ಮಿಗೆ ಸಹಿ ಹಾಕಿಸಿಕೊಂಡ. ಅದರಲ್ಲಿ ಡ್ಯಾಮೇಜ್ ಅನ್ನುವ ಜಾಗ ಖಾಲಿ ಇತ್ತು. ನಾನು ಕಾಪಿ ಕೇಳಲಿಲ್ಲ. ಮೂರು ವಾರ ಆದ ಮೇಲೆ ಮೇಲ್ ಬಂತು: ಹಿಂದಿನ ಬಂಪರ್, ಎಡಗಡೆಯ ಎರಡು ಅಲಾಯ್ ಚಕ್ರ, ಡಿಕ್ಕಿಯ ಟ್ರೇ, ಎರಡನೇ ಕೀ. ಒಟ್ಟು ₹31,000 ಡಿಪಾಸಿಟ್‌ನಿಂದ ಕಟ್. ಅಲಾಯ್ ನನ್ನದೇ ತಪ್ಪು, ಫುಟ್‌ಪಾತಿಗೆ ಉಜ್ಜಿದ್ದೆ, ಒಪ್ಪಿದೆ. ಬಂಪರ್ ನಾನು ಕೊಟ್ಟಾಗ ಸರಿ ಇತ್ತು. ಆದರೆ ಅದನ್ನು ತೋರಿಸುವ ಒಂದು ಫೋಟೋ ನನ್ನ ಹತ್ತಿರ ಇರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ಈ ಭಾನುವಾರವೇ ಕಾರು ತೊಳೆಸಿ, ಒಣಗಲಿ, ಬೆಳಗಿನ ಒಂಬತ್ತರ ಬಿಸಿಲಿನಲ್ಲಿ ನಿಲ್ಲಿಸಿ ಸುತ್ತ ಒಂದು ವಿಡಿಯೋ ಮಾಡಿ. ಬಾಗಿಲ ಪಕ್ಕ ಬಗ್ಗಿ ಓರೆಯಾಗಿ ನೋಡಿದರೆ ಪಾರ್ಕಿಂಗ್‌ನಲ್ಲಿ ಪಕ್ಕದ ಕಾರಿನ ಬಾಗಿಲು ಬಡಿದ ಸಣ್ಣ ಕುಳಿಗಳು ಕಾಣುತ್ತವೆ, ನೇರ ನಿಂತರೆ ಕಾಣುವುದಿಲ್ಲ. ಆಮೇಲೆ ಒಪ್ಪಂದದಲ್ಲಿ ವೇರ್ ಆಂಡ್ ಟೇರ್ (ಬಳಸಿ ಆಗುವ ಸವೆತ) ಅಂತ ಬರೆದ ಪುಟ ಓದಿ. ಗೀರು ಎಷ್ಟು ಉದ್ದ ಇದ್ದರೆ ಬಿಡುತ್ತಾರೆ, ಎಷ್ಟಾದರೆ ಹಿಡಿಯುತ್ತಾರೆ ಅಂತ ಅಲ್ಲಿರುತ್ತದೆ, ಇಲ್ಲದಿದ್ದರೆ ಮೇಲ್‌ನಲ್ಲಿ ಕೇಳಿ ತರಿಸಿಕೊಳ್ಳಿ. ನಿಮ್ಮ ಬಂಪರ್ ಗೀರಿಗೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಮೇಲಿನ ಪದರದ್ದು ಮಾತ್ರ, ರಬ್ಬಿಂಗ್ ಪಾಲಿಶ್‌ಗೆ ಹೋಗುತ್ತದೆ. ಸಿಕ್ಕಿಕೊಂಡರೆ ಪೇಂಟ್ ಆಗಬೇಕು. ಅದು ಒಂದೇ ಏಟಿನಿಂದ ಆದದ್ದಾದರೆ ಇನ್ಶೂರೆನ್ಸ್ ಕ್ಲೇಮ್ ಆಗುತ್ತದಾ ಕೇಳಿ, ಆದ ಏಟನ್ನು ಆದ ಹಾಗೇ ಹೇಳಿ. ಪಾಲಿಸಿ ಲೀಸಿಂಗ್ ಕಂಪನಿ ಹೆಸರಲ್ಲಿದ್ದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಯಿತು ಅನ್ನುವ ಚಿಂತೆ ನಿಮಗಿಲ್ಲ. ನಿಮ್ಮ ಹೆಸರಲ್ಲಿದ್ದರೆ ತಡೆಯಿರಿ, ಆ ಬೋನಸ್ ಮುಂದಿನ ಕಾರಿಗೆ ಬರುತ್ತದೆ, 20%ನಿಂದ 50%ವರೆಗೆ ಇರಬಹುದು, ಸಣ್ಣ ಗೀರಿಗೆ ಅದನ್ನು ಕಳೆಯಬೇಡಿ. ಕಂಪನಿ ಹೇಳಿದ ಗ್ಯಾರೇಜ್ ಬಿಟ್ಟು ರಸ್ತೆ ಬದಿಯಲ್ಲಿ ಪೇಂಟ್ ಮಾಡಿಸಬೇಡಿ. ಬಣ್ಣ ಕೂಡದಿದ್ದರೆ ಇಡೀ ಪ್ಯಾನಲ್ ಮತ್ತೆ ಹಿಡಿಯುತ್ತಾರೆ.

ಟೈರು ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಗ್ರೂವ್ ಇರಬೇಕು, ಕೆಲವು ಒಪ್ಪಂದಗಳು ಅದಕ್ಕಿಂತ ಜಾಸ್ತಿ ಕೇಳುತ್ತವೆ. ಜಾಕ್, ಪಾನಾ, ಸ್ಟೆಪ್ನಿ, ಸರ್ವೀಸ್ ಬಿಲ್ಲುಗಳು, ಎಲ್ಲಾ ಜೋಡಿಸಿಡಿ.

ಕಿಲೋಮೀಟರ್ ಮಾತ್ರ ಇವತ್ತೇ ನೋಡಿ. ಒಪ್ಪಂದದಲ್ಲಿ ಓಡಿಸುವ ಮಿತಿ ವರ್ಷಕ್ಕೆ 15,000 ಅಂತ ಇದ್ದರೆ ನಾಲ್ಕು ವರ್ಷಕ್ಕೆ 60,000, ನಿಮ್ಮದು 59,400 ಆಗಿದೆ ಅಂದಿದ್ದೀರಿ, ಉಳಿದದ್ದು 600. ಪುಣೆಯಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಹತ್ತಿರ ಹತ್ತಿರ 870. ಈ ಸಲ ಹಬ್ಬಕ್ಕೆ ವಂದೇ ಭಾರತ್‌ನಲ್ಲಿ ಹೋಗಿ ಬನ್ನಿ. ಮಿತಿ ದಾಟಿದ ಕಿಲೋಮೀಟರಿಗೆ ₹8 ಅಂತ ಹಿಡಿದರೂ ಒಂದೇ ಟ್ರಿಪ್ಪಿಗೆ ಎರಡು ಸಾವಿರ ರೂಪಾಯಿ ಮೇಲೆ ಬೀಳುತ್ತದೆ.

ಕೊಡುವ ದಿನ ಹಗಲಲ್ಲೇ ಹೋಗಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಓಡೋಮೀಟರ್ ಫೋಟೋ, ನಾಲ್ಕೂ ಕಡೆಯ ಫೋಟೋ ಅವರ ಯಾರ್ಡಿನಲ್ಲೇ ತೆಗೆಯಿರಿ. ಫಾರ್ಮಿನಲ್ಲಿ ತಾರೀಖು, ಗಂಟೆ, ಕಿಲೋಮೀಟರ್, ಎಷ್ಟು ಕೀ, ಯಾವ ಡ್ಯಾಮೇಜ್ ಅಂತ ತುಂಬದೆ ಸಹಿ ಬೇಡ. ಡ್ಯಾಮೇಜ್ ಇಲ್ಲದಿದ್ದರೆ "ಇಲ್ಲ" ಅಂತ ಬರೆಸಿ, ಖಾಲಿ ಬಿಡಿಸಬೇಡಿ. ಅವರ ಸಹಿ, ಸೀಲ್ ಇರುವ ಕಾಪಿ ಕೈಗೆ ಬಂದ ಮೇಲೆ ಕೀ ಕೊಡಿ. ಡಿಪಾಸಿಟ್ ಯಾವ ತಾರೀಖಿಗೆ ಬರುತ್ತದೆ ಅಂತ ಅದೇ ದಿನ ಮೇಲ್ ಹಾಕಿ.

ಫಾಸ್ಟ್ಯಾಗ್ ನಿಮ್ಮ ಖಾತೆಯದ್ದಾದರೆ ಬ್ಯಾಂಕಿಗೆ ಹೇಳಿ ಬಂದ್ ಮಾಡಿಸಿ. ನಾನು ಕಾರು ಕೊಟ್ಟು ಐದು ದಿನಕ್ಕೆ ಖೇಡ್ ಶಿವಾಪುರ ಟೋಲ್‌ನಲ್ಲಿ ಹಣ ಕಟ್ ಆಯಿತು ಅಂತ ಮೆಸೇಜ್ ಬಂತು, ಕಾರು ಯಾರೋ ಸಾತಾರಾ ಕಡೆ ತಗೊಂಡು ಹೋಗಿದ್ದರು. ಚಲನ್ ಮಹಾರಾಷ್ಟ್ರದ್ದೂ ನೋಡಿ, ಕರ್ನಾಟಕದ್ದೂ ನೋಡಿ, ಎರಡೂ ಬೇರೆ ಬೇರೆ ಕಡೆ ಇರುತ್ತವೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಕ್ಯಾಮೆರಾದಲ್ಲಿ ವೇಗ 100 ದಾಟಿದ್ದು ಸಿಕ್ಕಿದ್ದರೆ ನೋಟಿಸ್ ಓನರ್ ಅಂದರೆ ಕಂಪನಿಗೆ ಹೋಗುತ್ತದೆ, ಅವರು ತಮ್ಮ ಚಾರ್ಜ್ ಸೇರಿಸಿ ನಿಮಗೆ ಕಳಿಸುತ್ತಾರೆ. ಬ್ಲೂಟೂತ್‌ನಲ್ಲಿ ನಿಮ್ಮ ಫೋನ್ ನಂಬರುಗಳು, ಮ್ಯಾಪಿನಲ್ಲಿ ಮನೆ ವಿಳಾಸ, ಕಾರಿನ ಆ್ಯಪ್, ಎಲ್ಲಾ ಅಳಿಸಿ, ಡ್ಯಾಶ್‌ಕ್ಯಾಮ್ ಕಾರ್ಡ್ ತೆಗೆದುಕೊಳ್ಳಿ.

ಇನ್ನೊಂದು, ಎರಡನೇ ಕೀ. ನನ್ನದು ಊರಲ್ಲಿ ಅವ್ವನ ಕಪಾಟಿನಲ್ಲಿ ಸೀರೆ ಕೆಳಗಿತ್ತು, ಡಿಪಾಸಿಟ್ ಕಟ್ ಆದ ಮೇಲೆ ದೀಪಾವಳಿಗೆ ಹೋದಾಗ ಸಿಕ್ಕಿತು. ನೀವೂ ಹುಬ್ಬಳ್ಳಿಗೆ ಹೋಗಿ ಬಂದು ಮಾಡುವವರು, ಇವತ್ತೇ ಮನೆಗೆ ಫೋನ್ ಮಾಡಿ ಹುಡುಕಿಸಿ. ಬಂಪರ್ ಫೋಟೋ ಬಿಸಿಲಲ್ಲಿ ತೆಗೆದು ಇಲ್ಲೇ ಹಾಕಿ, ಪಾಲಿಶ್‌ಗೆ ಹೋಗುತ್ತದಾ ಇಲ್ಲವಾ ನೋಡಿ ಹೇಳುತ್ತೇನೆ.