ಹನ್ನೆರಡು ಗಂಟೆ ಅಂತರ ಬಿಟ್ಟಿದ್ದೆ, ಆದರೂ ಪೊಟ್ಯಾಸಿಯಂ 2.7ಕ್ಕೆ ಇಳಿದಿತ್ತು

ಬಿಪಿ ಮಾತ್ರೆಗೂ ಗಿಡಮೂಲಿಕೆ ಪುಡಿಗೂ ನಡುವೆ ಎಷ್ಟು ಗಂಟೆ ಬಿಟ್ಟರೆ ಸಾಕು ಅಂತ ಕೇಳಿದ್ದೀರಿ. ನಾನು ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ, ರಾತ್ರಿ ಮಲಗುವಾಗ ಜ್ಯೇಷ್ಠಮಧು ಕಷಾಯ ಅಂತ ಇಟ್ಟುಕೊಂಡಿದ್ದೆ. ಕೊನೆಗೆ ಶಿರಸಿಯ ಒಂದು ಆಸ್ಪತ್ರೆಯಲ್ಲಿ ಮೂರು ದಿನ ಮಲಗಬೇಕಾಯಿತು.

ನಮ್ಮದು ಶಿರಸಿಯಿಂದ ಒಳಗೆ, ಅಡಿಕೆ ತೋಟದ ಊರು. 52ನೇ ವಯಸ್ಸಿಗೆ ಬಿಪಿ ಬಂತು, ಎನಲಾಪ್ರಿಲ್ ಅನ್ನುವ ಮಾತ್ರೆ ಕೊಟ್ಟರು. ತಿಂಗಳೊಳಗೆ ಒಣಕೆಮ್ಮು ಹಿಡಿಯಿತು. ಆಗ ಅಡಿಕೆ ಕೊಯ್ಲಿನ ಹೊತ್ತು. ಅಡಿಕೆ ಬೇಯಿಸುವ ಹೊಗೆ, ರಾತ್ರಿ ಸುಲಿಯಲು ಕೂತಾಗಿನ ಥಂಡಿ, ಅದರದ್ದೇ ಕೆಮ್ಮು ಅಂದುಕೊಂಡೆ. ಆ ಜಾತಿಯ ಮಾತ್ರೆಯಿಂದಲೇ ಕೆಲವರಿಗೆ ಒಣಕೆಮ್ಮು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕೆಮ್ಮು ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಜ್ಯೇಷ್ಠಮಧು. ದಿನಾ ಎರಡು ಚಮಚ ಪುಡಿ ಕುದಿಸಿ ಎರಡು ತಿಂಗಳು ಕುಡಿದೆ. ಗಂಟಲಿಗೆ ಹಿತವಾಗಿತ್ತು. ಕೆಮ್ಮು ಮಾತ್ರ ಹೋಗಲಿಲ್ಲ, ಬಿಪಿ 168ಕ್ಕೆ ಏರಿತು.

ನಾನು ತಪ್ಪಿದ್ದು ಇಲ್ಲಿ. ಡಾಕ್ಟರು ಕೇಳಿದರು, "ಬೇರೆ ಏನಾದರೂ ಔಷಧಿ ತಗೊಳ್ತಿದ್ದೀರಾ?" ನಾನು "ಇಲ್ಲ" ಅಂದೆ. ಮುಚ್ಚಿಡಬೇಕು ಅಂತ ಹೇಳಿದ್ದಲ್ಲ. ನಮ್ಮ ಕಡೆ ಕಷಾಯ ಅಂದರೆ ಮನೆಗೆ ಬಂದವರಿಗೆ ಕೊಡುವ ಪಾನೀಯ. ಕೊತ್ತಂಬರಿ, ಜೀರಿಗೆ, ಬೆಲ್ಲ, ಹಾಲು ಹಾಕಿ ಮಕ್ಕಳಿಗೂ ಕೊಡುತ್ತೇವೆ. ಅದನ್ನು ಔಷಧಿಯ ಸಾಲಿಗೆ ಸೇರಿಸಬೇಕು ಅಂತ ನನ್ನ ತಲೆಗೆ ಬರಲೇ ಇಲ್ಲ. ಚಿಕ್ಕಂದಿನಿಂದ ಕುಡಿದ ಆ ಕಷಾಯಕ್ಕೂ, ದಿನಾ ಎರಡು ಚಮಚ ಜ್ಯೇಷ್ಠಮಧುವಿಗೂ ಇರುವ ಅಂತರ ನನಗೆ ಕಾಣಲಿಲ್ಲ, ಎರಡಕ್ಕೂ ಒಂದೇ ಹೆಸರು ನೋಡಿ. ಅವರು "ಮನೆಯಲ್ಲಿ ಏನು ಕುಡೀತೀರಿ?" ಅಂತ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ನನ್ನ "ಇಲ್ಲ"ವನ್ನು ನಂಬಿ ಅವರು ಡೋಸ್ ಹೆಚ್ಚಿಸಿ, ಜೊತೆಗೆ ಮೂತ್ರ ಹೋಗಿಸುವ ಕ್ಲೋರ್ಥಾಲಿಡೋನ್ ಸೇರಿಸಿದರು.

ಮೂರು ವಾರದಲ್ಲಿ ಮೀನಖಂಡ ಹಿಡಿಯತೊಡಗಿತು. ಒಂದು ದಿನ ತೋಟದ ಧರೆ ಹತ್ತಲು ಕಾಲೇ ಏಳಲಿಲ್ಲ, ಎದೆ ಡವಡವ ತಾಳ ತಪ್ಪಿ ಹೊಡೆಯುತ್ತಿತ್ತು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.7. ಇರಬೇಕಾದ್ದು 3.5ರಿಂದ 5.

ಆಸ್ಪತ್ರೆಯ ಇನ್ನೊಬ್ಬ ಡಾಕ್ಟರು ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಜ್ಯೇಷ್ಠಮಧು ಸಿಹಿಯಾಗಿರುವುದು ಅದರಲ್ಲಿರುವ ಗ್ಲಿಸಿರೈಜಿನ್ ಅನ್ನುವ ಅಂಶದಿಂದ. ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ಹಾರ್ಮೋನನ್ನು ಸುಮ್ಮನಾಗಿಸುವ ಒಂದು ಕಿಣ್ವ ಇದೆ, ಅದನ್ನು ಇದು ಕಟ್ಟಿಹಾಕುತ್ತದೆ. ಆಗ ಕಾರ್ಟಿಸೋಲ್ ಆಲ್ಡೋಸ್ಟೆರಾನ್ ಅನ್ನುವ ಇನ್ನೊಂದು ಹಾರ್ಮೋನಿನಂತೆ ಕೆಲಸ ಮಾಡಿ ಉಪ್ಪು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಹೊರಗೆ ಹಾಕುತ್ತದೆ. ಕ್ಲೋರ್ಥಾಲಿಡೋನ್ ಕೂಡ ಪೊಟ್ಯಾಸಿಯಂ ಕಳೆಯುವಂಥದ್ದೇ. ಎರಡೂ ಸೇರಿ ನನ್ನನ್ನು ಬರಿದು ಮಾಡಿದವು. ಈ ಪರಿಣಾಮ ಕಷಾಯ ನಿಲ್ಲಿಸಿದ ಮೇಲೂ ವಾರಗಟ್ಟಲೆ ಉಳಿಯಬಹುದು. ಹಾಗಿರುವಾಗ ಗಂಟೆಯ ಅಂತರದಿಂದ ಏನಾಗುತ್ತದೆ? ಹೊಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ನೋಡಿಕೊಂಡರೆ ಸಾಕು ಅನ್ನುವ ನಿಮ್ಮ ಎಣಿಕೆಯೇ ತಪ್ಪು.

"ಗಿಡಮೂಲಿಕೆ ತಾನೆ, ಏನೂ ಆಗಲ್ಲ" ಅಂತಲೂ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಸರ್ಪಗಂಧದ ಬೇರಿನಿಂದ 1952ರಲ್ಲಿ ರಿಸರ್ಪಿನ್ ಬೇರ್ಪಡಿಸಿದರು, ಅದು ಜಗತ್ತಿನಾದ್ಯಂತ ಬಿಪಿ ಮಾತ್ರೆಯೇ ಆಯಿತು. ಬಿಪಿ ಇಳಿಸುವಷ್ಟು ಶಕ್ತಿ ಬೇರಿಗಿದ್ದರೆ, ಏರಿಸುವ ಶಕ್ತಿಯೂ ಇನ್ನೊಂದು ಬೇರಿಗೆ ಇರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ ತಗೊಳ್ಳುವವರು ಸರ್ಪಗಂಧ ಸೇರಿಸಿಕೊಂಡರೆ ನಾಡಿಬಡಿತ ತೀರಾ ನಿಧಾನವಾಗಬಹುದು.

ನಿಮ್ಮ ಡಬ್ಬಿಯ ಹಿಂಬದಿ ಓದಿ. ಜ್ಯೇಷ್ಠಮಧು ಅಂತಲೇ ಬರೆದಿರುವುದಿಲ್ಲ. ಯಷ್ಟಿಮಧು, ಅತಿಮಧುರ, ಮುಲೇಠಿ, ಎಲ್ಲ ಒಂದೇ. ಕೆಮ್ಮಿನ ಸಿರಪ್ಪಿನಲ್ಲೂ, ಹುಳಿತೇಗಿನ ಪುಡಿಯಲ್ಲೂ ಇರುತ್ತದೆ. ಇದ್ದರೆ ಅದನ್ನು ನಿಲ್ಲಿಸಿ, ಡಬ್ಬಿಯನ್ನೇ ಡಾಕ್ಟರ ಮೇಜಿನ ಮೇಲಿಟ್ಟು ಪೊಟ್ಯಾಸಿಯಂ ಪರೀಕ್ಷೆ ಕೇಳಿ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ಬಿಡಬೇಡಿ, ಹೆಚ್ಚುಕಡಿಮೆಯೂ ಮಾಡಬೇಡಿ.

ನನಗೆ ಎನಲಾಪ್ರಿಲ್ ಬದಲು ಟೆಲ್ಮಿಸಾರ್ಟಾನ್ ಅನ್ನುವ ಬೇರೆ ಜಾತಿಯ ಬಿಪಿ ಮಾತ್ರೆ ಕೊಟ್ಟರು, ಕೆಲವು ವಾರದಲ್ಲಿ ಕೆಮ್ಮು ತಾನಾಗಿ ಹೋಯಿತು. ಜ್ಯೇಷ್ಠಮಧುವಿನ ಪ್ರಭಾವ ಇಳಿಯುತ್ತ ಬಂದಂತೆ ಬಿಪಿಯೂ ಇಳಿದು ಎದ್ದು ನಿಂತರೆ ಕಣ್ಣು ಕತ್ತಲೆ ಬರತೊಡಗಿತು, ಆಗ ಡಾಕ್ಟರೇ ಕ್ಲೋರ್ಥಾಲಿಡೋನ್ ತೆಗೆದರು. ಈಗ ಒಂದೇ ಮಾತ್ರೆಯಲ್ಲಿ 130ರ ಆಸುಪಾಸು ಇದೆ. ಕೊತ್ತಂಬರಿ, ಜೀರಿಗೆಯ ಕಷಾಯ ಡಾಕ್ಟರಿಗೆ ಹೇಳಿಯೇ ಕುಡಿಯುತ್ತಿದ್ದೇನೆ.