ಹತ್ತು ರಾಡ್ ತೋಟ ಅಂದರೆ ಎಷ್ಟು ಗುಂಟೆ?

ಬ್ರಿಟನ್ನಿನಲ್ಲಿ ಕೌನ್ಸಿಲ್‌ಗಳೂ ತೋಟಗಾರರ ಸಂಘಗಳೂ ಮನೆಬಳಕೆಯ ತರಕಾರಿ, ಹಣ್ಣು ಬೆಳೆದುಕೊಳ್ಳಲು ಜನರಿಗೆ ಬಾಡಿಗೆಗೆ ಕೊಡುವ ತುಂಡುನೆಲಕ್ಕೆ ಅಲಾಟ್‌ಮೆಂಟ್ ಎನ್ನುತ್ತಾರೆ. ಅದರ ಹಳೆಯ ಅಳತೆಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳಿಗೆ ‘10 ರಾಡ್’ ತಾಕು ಸಿಕ್ಕಿದೆ. ಪಕ್ಕದ ತಾಕಿನವರ ಕರಾರುಪತ್ರದಲ್ಲಿ ‘ಪೋಲ್’ ಎಂದಿದೆಯಂತೆ, ಇನ್ನೊಬ್ಬರದರಲ್ಲಿ ‘ಪರ್ಚ್’. ಇವು ಬೇರೆ ಬೇರೆಯೇ? ನಮ್ಮ ಲೆಕ್ಕದಲ್ಲಿ ಎಷ್ಟಾಗುತ್ತದೆ? (ಶಿರಸಿ)

ಉತ್ತರ: ಮೂರೂ ಒಂದೇ. ಹೆಸರು ಮೂರಿರುವುದರಿಂದ ಯಾರಿಗೂ ನಷ್ಟವಿಲ್ಲ. ಎಡವಟ್ಟಾಗುವುದು ಒಂದೇ ಪದ ಉದ್ದಕ್ಕೂ ವಿಸ್ತೀರ್ಣಕ್ಕೂ ಬಳಕೆಯಾಗುವುದರಿಂದ. ಉದ್ದವಾಗಿ ಒಂದು ರಾಡ್ ಅಂದರೆ ಐದೂವರೆ ಗಜ, ಅಂದರೆ 16½ ಅಡಿ, 5.03 ಮೀಟರ್. ತೋಟದವರು ‘10 ರಾಡ್’ ಎಂದಾಗ ಮಾತ್ರ ಅದು 10 ಚದರ ರಾಡ್; ‘ಚದರ’ ಅನ್ನುವುದನ್ನು ನುಂಗಿಬಿಟ್ಟಿರುತ್ತಾರೆ. ಇದು ಗೊತ್ತಿಲ್ಲದವರು 5.03ನ್ನು ಹತ್ತರಿಂದ ಗುಣಿಸಿ ‘ಐವತ್ತು ಚದರ ಮೀಟರ್ ಅಷ್ಟೇನಾ’ ಎಂದು ಪೆಚ್ಚಾಗುವುದುಂಟು. ಒಂದು ಚದರ ರಾಡ್ 272¼ ಚದರ ಅಡಿ. ಹತ್ತಾದರೆ 2,722½ ಚದರ ಅಡಿ, ಸುಮಾರು 253 ಚದರ ಮೀಟರ್. ಡಬಲ್ಸ್ ಆಡುವ ಟೆನಿಸ್ ಅಂಕಣಕ್ಕಿಂತ ತುಸು ಕಡಿಮೆ.

ಗುಂಟೆಗೆ ತರಲು ಮೀಟರಿನ ದಾರಿ ಹಿಡಿಯಲೇಬೇಡಿ. ಗುಂಟೆ ಅಂದರೆ 33 ಅಡಿಗೆ 33 ಅಡಿ. ಹದಿನಾರೂವರೆಯ ಎರಡರಷ್ಟು 33. ಹಾಗಾಗಿ ಒಂದು ಗುಂಟೆಯಲ್ಲಿ ಸರಿಯಾಗಿ ನಾಲ್ಕು ಚದರ ರಾಡ್, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ಒಂದು ರಾಡ್ ನಾಲ್ಕು ಆಣೆ; ಮಗಳ ತಾಕು ಎರಡೂವರೆ ಗುಂಟೆ, ಪಹಣಿಯ ಬರವಣಿಗೆಯಲ್ಲಿ 2 ಗುಂಟೆ 8 ಆಣೆ.

ಇದು ಕಾಕತಾಳೀಯವಲ್ಲ. ಎಡ್ಮಂಡ್ ಗಂಟರ್ 1620ರಲ್ಲಿ ಬಳಕೆಗೆ ತಂದ ಸರ್ವೆ ಸರಪಳಿಯ ಉದ್ದ 66 ಅಡಿ, ಅಂದರೆ ನಾಲ್ಕು ರಾಡ್. ನಮ್ಮ ಕಡೆ ಜಮೀನು ಅಳೆದ 33 ಅಡಿಯ, 16 ಆಣೆಯ ಸರಪಳಿ ಅದರ ಸರಿ ಅರ್ಧ. ಗಂಟರನ 66 ಅಡಿ ಕಣ್ಣಿಗೆ ಕಟ್ಟಬೇಕಾದರೆ ಕ್ರಿಕೆಟ್ ಪಿಚ್ ನೆನೆಸಿಕೊಳ್ಳಿ: ಸ್ಟಂಪಿನಿಂದ ಸ್ಟಂಪಿಗೆ 22 ಗಜ, ಅದೇ ಗಂಟರನ ಒಂದು ಸರಪಳಿ.

ಪ್ರಶ್ನೆ: ಅಣ್ಣನ ತಾಕು ಕಾಗದದಲ್ಲಿ 10 ರಾಡ್. ಟೇಪಿನಲ್ಲಿ ಅಳೆದರೆ 30 ಅಡಿ ಅಗಲ, 90 ಅಡಿ ಉದ್ದ ಬಂತು. ಮೂಲೆಗಳು ಓರೆ ಇದ್ದ ಹಾಗೆ ಕಾಣುತ್ತವೆ, ನೆಲವೂ ಇಳಿಜಾರು. ಬಾಡಿಗೆ ರಾಡ್ ಲೆಕ್ಕದಲ್ಲಿರುವುದರಿಂದ ಸರಿಯಾಗಿ ತಿಳಿಯಬೇಕು. (ಮೈಸೂರು)

ಉತ್ತರ: ಮೂಲೆಗಳು ಸರಿ ಇದ್ದರೆ 30 × 90 ಅಂದರೆ 2,700 ಚದರ ಅಡಿ. 272.25ರಿಂದ ಭಾಗಿಸಿದರೆ 9.92 ರಾಡ್. ಅಷ್ಟಕ್ಕೆ ತಕರಾರು ತೆಗೆಯಬೇಕಾಗಿಲ್ಲ, ಹತ್ತು ಎಂದೇ ಬರೆದುಕೊಳ್ಳುತ್ತಾರೆ. ಆದರೆ ಮೂಲೆ ಓರೆ ಎಂದಿರಲ್ಲ, ಪೆಟ್ಟು ಬೀಳುವುದು ಅಲ್ಲಿ.

ಮೊದಲು ನಾಲ್ಕು ಮೂಲೆಗೂ ಗೂಟ ಹೊಡೆದು ಎರಡು ಕರ್ಣ ಅಳೆಯಿರಿ. 30 × 90ರ ಸರಿಯಾದ ಆಯತಕ್ಕೆ ಎರಡೂ 94 ಅಡಿ 10½ ಅಂಗುಲ ಬರಬೇಕು. ಒಂದು ಉದ್ದ, ಇನ್ನೊಂದು ಗಿಡ್ಡ ಬಂದರೆ ತಾಕು ವಾಲಿಕೊಂಡಿದೆ ಎಂದರ್ಥ. ಆಗ ಬದಿಗಳನ್ನು ಗುಣಿಸಿ ಪ್ರಯೋಜನವಿಲ್ಲ. ಉದ್ದದ ಬದಿಯಿಂದ ಎದುರು ಬದಿಗೆ ಲಂಬವಾಗಿ ಅಗಲ ತೆಗೆಯಬೇಕು. ಆ ಅಗಲ 28 ಅಡಿ ಅಂತಿಟ್ಟುಕೊಳ್ಳಿ: 28 × 90 ಅಂದರೆ 2,520 ಚದರ ಅಡಿ, 9¼ ರಾಡ್. ಬದಿಗಳ ಅಳತೆ ಹಾಗೇ ಇದ್ದರೂ ಮುಕ್ಕಾಲು ರಾಡ್ ಮಾಯ! ಲಂಬ ಹಿಡಿಯಲು ಹಳೆಯ 3-4-5 ಉಪಾಯವೇ ಸಾಕು. ಹಗ್ಗದಲ್ಲಿ 3, 4, 5 ಅಡಿಗೆ ಗಂಟು ಹಾಕಿ ತ್ರಿಕೋನ ಎಳೆದರೆ ಮೂರೂ ನಾಲ್ಕೂ ಸೇರುವ ಮೂಲೆ ಲಂಬ. ಈ ಹಗ್ಗ ನೈಲಾನಿನದಾಗಿರಬಾರದು, ಎಳೆದಷ್ಟೂ ಬರುತ್ತದೆ.

ಒಂದು ತುದಿ ಅಗಲ, ಇನ್ನೊಂದು ಸಪುರ ಇದ್ದು ಆ ಎರಡು ಅಂಚು ಒಂದಕ್ಕೊಂದು ಸಮಾಂತರವಿದ್ದರೆ ಎರಡರ ಸರಾಸರಿಯನ್ನು ಲಂಬ ಉದ್ದದಿಂದ ಗುಣಿಸಿ. ಅದೂ ಇಲ್ಲದ ಅಂಕುಡೊಂಕಾದ ತಾಕಾದರೆ ಕರ್ಣದ ಮೇಲೆ ಎರಡು ತ್ರಿಕೋನ ಮಾಡಿ, ಪ್ರತಿಯೊಂದರ ಬುಡ ಮತ್ತು ಎತ್ತರ ಗುಣಿಸಿ ಅರ್ಧ ಮಾಡಿ, ಕೂಡಿಸಿ.

ಇನ್ನು ಇಳಿಜಾರು. ಜಮೀನಿನ ವಿಸ್ತೀರ್ಣ ಯಾವತ್ತೂ ಮಟ್ಟದ ಮೇಲಿನ ಲೆಕ್ಕ. ಐದು ಅಡಿಗೆ ಒಂದು ಅಡಿ ಇಳಿಯುವ ನೆಲದಲ್ಲಿ ಮೈಮೇಲೇ ಟೇಪ್ ಹಾಸಿ 90 ಅಡಿ ಬಂದರೆ ನಿಜವಾದದ್ದು 88¼ ಅಡಿ. ಟೇಪನ್ನು ಮಟ್ಟವಾಗಿ ಹಿಡಿದು, ತೂಗುಗುಂಡು ಬಿಟ್ಟು, ಹತ್ತು ಹತ್ತು ಅಡಿಯಾಗಿ ಮೆಟ್ಟಿಲಿಳಿದ ಹಾಗೆ ಅಳೆಯಿರಿ. ಟೇಪ್ ಜೋಲು ಬಿದ್ದರೂ ಇದೇ ಕಥೆ, ಅಳತೆ ಹೆಚ್ಚು ತೋರಿಸುತ್ತದೆ. ಉದ್ದ, ಅಗಲ ಎರಡರಲ್ಲೂ ನೂರಕ್ಕೆ ಒಂದು ತಪ್ಪಿದರೆ ವಿಸ್ತೀರ್ಣದಲ್ಲಿ ನೂರಕ್ಕೆ ಎರಡು. ಕೊನೆಯದಾಗಿ, ಓಡಾಡುವ ದಾರಿಯನ್ನು ತಾಕಿಗೆ ಸೇರಿಸಿ ಅಳೆದಿದ್ದಾರೋ ಬಿಟ್ಟು ಅಳೆದಿದ್ದಾರೋ ಕೇಳಿ. ಅರ್ಧ ರಾಡಿನ ಜಗಳಗಳಲ್ಲಿ ಹೆಚ್ಚಿನವು ಈ ಒಂದು ಮಾತಿನಲ್ಲಿ ಬಗೆಹರಿಯುತ್ತವೆ.

ಪ್ರಶ್ನೆ: ಹಳೆಯ ಇಂಗ್ಲಿಷ್ ತೋಟದ ಪುಸ್ತಕದಲ್ಲಿ ಸುಣ್ಣ ‘ರಾಡಿಗೆ 14 ಪೌಂಡ್’ ಎಂದಿದೆ. ಇದೇನು ವಿಚಿತ್ರ ಅಂಕಿ? (ಧಾರವಾಡ)

ಉತ್ತರ: ವಿಚಿತ್ರವಲ್ಲ, ಬಲು ಚೆಂದದ ಅಂಕಿ. ಎಕರೆಗೆ 160 ಚದರ ರಾಡ್. ಬ್ರಿಟಿಷ್ ಟನ್ನು 2,240 ಪೌಂಡ್. ಭಾಗಿಸಿ ನೋಡಿ: ಸರಿಯಾಗಿ 14. ಹದಿನಾಲ್ಕು ಪೌಂಡ್ ಅಂದರೆ ಅವರ ಒಂದು ‘ಸ್ಟೋನ್’. ಅಲ್ಲಿಗೆ ರಾಡಿಗೆ ಒಂದು ಸ್ಟೋನ್ ಎಂದರೂ ಎಕರೆಗೆ ಒಂದು ಟನ್ ಎಂದರೂ ಒಂದೇ. ಕೊಟ್ಟಿಗೆ ಗೊಬ್ಬರ ಎಕರೆಗೆ 20 ಟನ್ ಎಂದಿದ್ದರೆ ರಾಡಿಗೆ 20 ಸ್ಟೋನ್, 127 ಕಿಲೋ. ಹತ್ತು ರಾಡಿನ ತಾಕಿಗೆ 1,270 ಕಿಲೋ. ನಮ್ಮ ಒಂದು ಗುಂಟೆಗೆ ಎಕರೆಯ ಪ್ರತಿ ಟನ್ನಿಗೂ 25.4 ಕಿಲೋ ಬರುತ್ತದೆ.

ಎಚ್ಚರ ಬೇಕಾದದ್ದು ರಸಗೊಬ್ಬರದಲ್ಲಿ. ಅದನ್ನು ಬಹಳ ಸಲ ‘ಚದರ ಗಜಕ್ಕೆ ಇಷ್ಟು ಔನ್ಸ್’ ಎಂದು ಬರೆದಿರುತ್ತಾರೆ. ರಾಡಿಗೆ 30¼ ಚದರ ಗಜವಿರುವುದರಿಂದ ಗಜಕ್ಕೆ ಒಂದು ಔನ್ಸ್ ಅಂದರೆ ರಾಡಿಗೆ ಎರಡು ಪೌಂಡಿಗೆ ಹತ್ತಿರ, ಇಡೀ ತಾಕಿಗೆ ಸುಮಾರು 8.6 ಕಿಲೋ. ಗಜದ ಅಂಕಿಯನ್ನು ಮೀಟರಿನದೆಂದು ಓದಿಕೊಂಡು, ಔನ್ಸಿಗೆ 28 ಗ್ರಾಂ ಎಂದು ಹಾಕಿದರೆ ಆರರಲ್ಲಿ ಒಂದು ಪಾಲು ಕಡಿಮೆ ಬೀಳುತ್ತದೆ. ಚದರ ಮೀಟರಿಗೆ ಬೇಕಾದದ್ದು 34 ಗ್ರಾಂ.

ಪ್ರಶ್ನೆ: ಕಾನೂನಿನಲ್ಲಿ ಅಲಾಟ್‌ಮೆಂಟಿಗೆ ಮಿತಿ ಇದೆಯೇ? (ಉಡುಪಿ)

ಉತ್ತರ: ಇದೆ. 1922ರ ಅಲಾಟ್‌ಮೆಂಟ್ಸ್ ಕಾಯ್ದೆಯ ಪ್ರಕಾರ ‘ಅಲಾಟ್‌ಮೆಂಟ್ ಗಾರ್ಡನ್’ 40 ಪೋಲ್ ಮೀರಬಾರದು, ಅಂದರೆ ಕಾಲು ಎಕರೆ, ನಮ್ಮ 10 ಗುಂಟೆ. ಬೆಳೆದದ್ದು ಮುಖ್ಯವಾಗಿ ತೋಟ ಮಾಡುವವರ ಮನೆಯ ಊಟಕ್ಕಾಗಿರಬೇಕು.

ಪ್ರಶ್ನೆ: ಐರ್ಲೆಂಡಿನ ಹಳೆಯ ಪತ್ರವೊಂದರಲ್ಲಿರುವ ಪರ್ಚಿಗೂ ಇದೇ ಲೆಕ್ಕ ಹಿಡಿಯಬಹುದೇ? (ಬೆಂಗಳೂರು)

ಉತ್ತರ: ಹಿಡಿಯಬೇಡಿ. ಹಳೆಯ ಐರಿಷ್ ಪರ್ಚ್ ಐದೂವರೆ ಗಜದ್ದಲ್ಲ, ಏಳು ಗಜದ್ದು. ಹಾಗಾಗಿ ಅಲ್ಲಿನ ಎಕರೆ 4,840 ಚದರ ಗಜದ ಬದಲು 7,840. ಇಂಗ್ಲೆಂಡಿನೊಳಗೇ ಚೆಶೈರಿನಲ್ಲಿ ಎಂಟು ಗಜದ ರಾಡ್ ಇತ್ತು. ಕಲ್ಲುಗಾರೆಯವರ ಪರ್ಚಂತೂ ನೆಲದ ಅಳತೆಯೇ ಅಲ್ಲ: ಹದಿನಾರೂವರೆ ಅಡಿ ಉದ್ದ, ಒಂದೂವರೆ ಅಡಿ ದಪ್ಪ, ಒಂದು ಅಡಿ ಎತ್ತರದ ಕಲ್ಲುಗೋಡೆ, 24¾ ಘನ ಅಡಿ. ಪತ್ರ ಯಾವ ಕಾಲದ್ದು, ಯಾವ ಸೀಮೆಯದ್ದು ಎಂದು ನೋಡಿಕೊಂಡೇ ಗುಣಾಕಾರಕ್ಕೆ ಕೂರಿ.