ವನುವಾಟು ಕೋಷ್ಟಕದ ಖಾಲಿ ಖಾನೆಗಳ ಬಗ್ಗೆ

ಪೆಸಿಫಿಕ್ ದ್ವೀಪದೇಶ ವನುವಾಟುವಿನ ರಾಷ್ಟ್ರೀಯ ಅಭಿವೃದ್ಧಿ ಯೋಜನೆಯನ್ನು ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಜೋಡಿಸುವ ನಿಮ್ಮ ಕೋಷ್ಟಕದಲ್ಲಿ ಅರ್ಧ ಖಾನೆ ಯಾಕೆ ಖಾಲಿ ಉಳಿಯುತ್ತದೆ ಅಂತ ಕೇಳಿದ್ದೀರಿ. ಅದಕ್ಕೆ ಕಾರಣ ಬಹುಶಃ ಒಂದೇ. ನೀವು ವಿಶ್ವಸಂಸ್ಥೆಯ ಈ 17 ಗುರಿಗಳನ್ನು ಎಡಗಡೆ ಇಟ್ಟು, ದೇಶದ ಯೋಜನೆಯನ್ನು ಅದರೊಳಗೆ ತುರುಕುತ್ತಿದ್ದೀರಿ. ನಾನೂ ಇಂಥದ್ದೇ ಕೋಷ್ಟಕದಲ್ಲಿ ಹೀಗೇ ಸಿಕ್ಕಿಕೊಂಡಿದ್ದೆ. ತಿರುಗಿಸಿ ನೋಡಿ.

ಮೊದಲು 2016–2030ರ ರಾಷ್ಟ್ರೀಯ ಯೋಜನೆಯ 15 ಗುರಿಗಳನ್ನು ಎಡಗಡೆ ಬರೆಯಿರಿ: ಸಮಾಜ 6, ಪರಿಸರ 5, ಆರ್ಥಿಕತೆ 4. ಆಮೇಲೆ ಪ್ರತಿ ಸಾಲಿನ ಎದುರು ಜಾಗತಿಕ ಗುರಿಯ ಬದಲು ಅದರ ಉಪಗುರಿ (ಅಂದರೆ ಆ ಗುರಿಯೊಳಗಿನ ನಿರ್ದಿಷ್ಟ ಗುರಿ) ಹಾಕಿ. ಒಟ್ಟು 169 ಇವೆ, ಎಲ್ಲವೂ ಬೇಕಿಲ್ಲ. ಈ ಉಪಗುರಿಗಳ ಪ್ರಗತಿ ಅಳೆಯುವ ಸೂಚಕಗಳಲ್ಲಿ ಪೆಸಿಫಿಕ್ ದೇಶಗಳು ಸೇರಿ 132ನ್ನು ಆರಿಸಿಕೊಂಡಿವೆ. ಅಲ್ಲಿಂದ ಶುರು ಮಾಡಿದರೆ ಕೆಲಸ ಎಷ್ಟೋ ಕಮ್ಮಿಯಾಗುತ್ತದೆ.

ಮೊದಲ ಸಾಲಲ್ಲೇ ತೊಡಕು ಬರುತ್ತದೆ. ಸಮಾಜ ವಿಭಾಗದ ಮೊದಲ ಗುರಿಯೇ ಸಂಸ್ಕೃತಿ, ಆದರೆ 17ರಲ್ಲಿ ಸಂಸ್ಕೃತಿಗೆ ಪ್ರತ್ಯೇಕ ಗುರಿ ಇಲ್ಲ. ಪರಂಪರೆ ರಕ್ಷಣೆಯ ಉಪಗುರಿ 11.4 ಸ್ವಲ್ಪ ಹೊಂದುತ್ತದೆ, ಪೂರ್ತಿ ಅಲ್ಲ. ಸುಮಾರು ಮೂರು ಲಕ್ಷ ಜನ ನೂರಕ್ಕೂ ಜಾಸ್ತಿ ಭಾಷೆ ಆಡುವ ನಾಡು ಅದು. ಸುಮ್ನೆ ಎಲ್ಲಿಗೋ ಅಂಟಿಸಬೇಡಿ, ‘ಭಾಗಶಃ’ ಅಂತಲೇ ಬರೆಯಿರಿ. ನನ್ನ ಪ್ರಕಾರ ನಿಮ್ಮ ಅಧ್ಯಯನದ ಮುಖ್ಯ ಮಾತೇ ಅದು.

ಕೊನೆಗೆ ಎರಡು ಖಾನೆ ಸೇರಿಸಿ: ಯಾವ ಸಚಿವಾಲಯದ ಹೊಣೆ, ಬಜೆಟ್‌ನಲ್ಲಿ ಎಲ್ಲಿದೆ. ಇವಿಲ್ಲದಿದ್ದರೆ ಕೋಷ್ಟಕ ಬರೀ ಕಾಗದ, ಅಲ್ವಾ?

ಆಮೇಲೂ ಖಾಲಿ ಉಳಿದರೆ ಅದು ಅಂಕಿ ಸಿಗದ್ದಕ್ಕೋ ಹೊಂದಿಕೆ ಇಲ್ಲದ್ದಕ್ಕೋ, ನಿಮ್ಮ ಹಾಳೆ ನೋಡದೆ ಹೇಳಲಾರೆ. ಎರಡಕ್ಕೂ ಬೇರೆ ಬೇರೆ ಬಣ್ಣ ಹಾಕಿ. ಅಂಕಿ ಸಿಗದವನ್ನು ಮೊದಲು ವನುವಾಟುವಿನ 2020ರ ಜನಗಣತಿ ವರದಿಯಲ್ಲಿ ಹುಡುಕಿ.